ಬೆಳ್ಳಿ ಇದ್ದೂ ಬರಿಗೈ: ನಾಲ್ಕನೇ ಫಿಲಿಪ್ ನಿಜಕ್ಕೂ ಕೈಲಾಗದ ಅರಸನಾ?

ಪ್ರಶ್ನೆ: ಮಗಳು ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದಾಗ ಪ್ರಾಡೋ ಮ್ಯೂಸಿಯಂಗೂ ಹೋಗಿದ್ದೆ. ಯಾವ ಕೋಣೆಗೆ ಹೋದರೂ ಕಪ್ಪು ಬಟ್ಟೆಯ, ಉದ್ದ ಗದ್ದದ ಅದೇ ರಾಜ. ನಾಲ್ಕನೇ ಫಿಲಿಪ್ ಅಂತೆ. "ಬೇಟೆ, ನಾಟಕ, ಹೆಂಗಸರು ಅಂತ ಕಾಲ ಕಳೆದ, ಸಾಮ್ರಾಜ್ಯ ಮುಳುಗಿತು" ಎಂದು ಗೈಡ್ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಅಷ್ಟೇನಾ? ಅಮೆರಿಕದ ಬೆಳ್ಳಿಯೆಲ್ಲ ಕೈಯಲ್ಲಿದ್ದೂ ದಿವಾಳಿ ಆಗಿದ್ದು ಹೇಗೆ? ಗೋವಾ ಕೂಡ ಇವನ ಆಳ್ವಿಕೆಯಲ್ಲಿತ್ತು ಎಂದು ಕೇಳಿದ್ದೇನೆ. ಹಾಗಾದರೆ ನಮ್ಮ ಕರಾವಳಿಗೂ ಇವನಿಗೂ ಏನಾದರೂ ನಂಟಿತ್ತಾ?

ಉತ್ತರ: ನಿಮ್ಮ ಗೈಡ್ ಸುಳ್ಳು ಹೇಳಿಲ್ಲ. ಬೇಟೆಯ ಹುಚ್ಚು ಅವನಿಗೆ ಇತ್ತು, ನಾಟಕದ ಹುಚ್ಚು ಅದಕ್ಕಿಂತ ಜಾಸ್ತಿ ಇತ್ತು. ಹೆಂಗಸರ ವಿಷಯವೂ ನಿಜ. ಮಾರಿಯಾ ಕಾಲ್ದೆರೋನ್ ಎಂಬ ನಟಿಯಿಂದ 1629ರಲ್ಲಿ ಹುಟ್ಟಿದ ಮಗ ಹ್ವಾನ್ ಹೋಸೆ ಮುಂದೆ ಅಪ್ಪನ ಸೇನೆಯನ್ನೇ ನಡೆಸಿದ. ಆದರೆ ಒಂದು ಮಾತು. ಫ್ರಾನ್ಸಿನ ಹದಿನಾಲ್ಕನೇ ಲೂಯಿಗೂ ಈ ಮೂರೂ ಚಟ ಇದ್ದವು. ಅವನನ್ನು ಯಾರೂ ಕೈಲಾಗದವನು ಅನ್ನಲಿಲ್ಲ. ಅಂದಮೇಲೆ ಕಾರಣವನ್ನು ಬೇರೆ ಕಡೆ ಹುಡುಕಬೇಕು, ಅಲ್ವಾ?

ನನ್ನ ಉತ್ತರ ಇಷ್ಟು. ಫಿಲಿಪ್ ಕೆಟ್ಟಿದ್ದು ಸೋಮಾರಿತನದಿಂದಲ್ಲ, ಏನನ್ನೂ ಬಿಟ್ಟುಕೊಡಲಾರದ ಗುಣದಿಂದ. ಅಪ್ಪ, ಅಜ್ಜ, ಮುತ್ತಜ್ಜ ಬಿಟ್ಟುಹೋದ ಒಂದು ಗೇಣು ನೆಲವನ್ನೂ ಕಳೆದುಕೊಳ್ಳಬಾರದು, ಕಳೆದರೆ ಮರ್ಯಾದೆ ಹೋಯಿತು ಎಂದು ಅವನೂ ಅವನ ಮಂತ್ರಿಯೂ ಕೂತಿದ್ದರು. ಆ ಮರ್ಯಾದೆಗೆ ಅವರ ಭಾಷೆಯಲ್ಲಿ 'ರೆಪುತಾಸಿಯೋನ್' ಅನ್ನುತ್ತಾರೆ. ಆ ಕಾಲದ ಕಡತಗಳಲ್ಲಿ ಈ ಪದ ಬರುವಷ್ಟು ಸಲ 'ದುಡ್ಡು' ಎಂಬ ಪದವಾದರೂ ಬರುತ್ತೋ ಇಲ್ಲವೋ!

ಅವನು ಪಟ್ಟಕ್ಕೆ ಬಂದಿದ್ದು 1621ರ ಮಾರ್ಚ್ 31ರಂದು. ಹದಿನಾರು ತುಂಬಲು ಇನ್ನೂ ಎಂಟು ದಿನ ಬಾಕಿ ಇತ್ತು. ಮೊದಮೊದಲು ಓದು ಬರಹ ಅಷ್ಟಕ್ಕಷ್ಟೇ. ಆಮೇಲೆ ತಾನಾಗಿಯೇ ಕೂತು ಕಲಿತ. ಇಟಲಿಯ ಗ್ವಿಚಾರ್ದೀನಿ ಬರೆದ ಇತಿಹಾಸದ ಎರಡು ಭಾಗಗಳನ್ನು ಸ್ವತಃ ಸ್ಪ್ಯಾನಿಷ್‌ಗೆ ಅನುವಾದ ಮಾಡಿದ. ಮಂತ್ರಿಮಂಡಲಿಯ ಕೋಣೆಗಳಿಗೆ ಸಣ್ಣ ಕಿಟಕಿ ಕೊರೆಸಿ, ಯಾರಿಗೂ ಕಾಣದಂತೆ ಹಿಂದೆ ಕೂತು ಚರ್ಚೆ ಕೇಳುತ್ತಿದ್ದ. ಸೋಮಾರಿಗೆ ಇದೆಲ್ಲ ಯಾಕೆ ಬೇಕು? ಜನರ ಮುಂದೆ ಬಂದಾಗ ಮಾತ್ರ ಕಲ್ಲಿನ ಬೊಂಬೆ. ಎದುರಿಗಿದ್ದವರು ಏನೇ ಹೇಳಲಿ, ಅವನ ಮೈಯಲ್ಲಿ ಅಲುಗುತ್ತಿದ್ದದ್ದು ತುಟಿ ಒಂದೇ ಎಂದು ಆಗ ಬಂದುಹೋದ ಪ್ರಯಾಣಿಕರು ಬರೆದಿದ್ದಾರೆ. ಚಿತ್ರಗಳಲ್ಲಿ ನೀವು ನೋಡಿದ್ದೂ ಆ ಮುಖವನ್ನೇ.

ಆ ಹುಡುಗನ ಕೈಗೆ ಬಂದ ಆಸ್ತಿ ನೋಡಿ. ಮ್ಯಾಡ್ರಿಡ್ ಇರುವ ಕಾಸ್ತೀಲ್, ಅದರ ಜೊತೆ ಅರಗಾನ್, ಕತಲೋನಿಯಾ, ವಲೆನ್ಸಿಯಾ. ಪೋರ್ಚುಗಲ್ ಮತ್ತು ಅದರ ಜೊತೆಗೆ ಬ್ರೆಜಿಲ್, ಗೋವಾ, ಮಲಾಕ್ಕಾ. ಇಟಲಿಯಲ್ಲಿ ನೇಪಲ್ಸ್, ಸಿಸಿಲಿ, ಮಿಲಾನ್. ಮೇಲೆ ಉತ್ತರದಲ್ಲಿ ಈಗಿನ ಬೆಲ್ಜಿಯಂ ಇರುವ ಫ್ಲಾಂಡರ್ಸ್. ಆಚೆ ಮೆಕ್ಸಿಕೋ, ಪೆರು, ಫಿಲಿಪ್ಪೀನ್ಸ್. ಕೇಳಿದರೆ ತಲೆ ತಿರುಗುತ್ತೆ. ಆದರೆ ಇದು ಒಂದು ದೇಶವಾಗಿರಲಿಲ್ಲ. ಒಂದೊಂದಕ್ಕೂ ಬೇರೆ ಕಾನೂನು, ಬೇರೆ ಸಭೆ, ಬೇರೆ ತೆರಿಗೆ. ಕತಲೋನಿಯಾದಲ್ಲಿ ಅವನು ರಾಜ ಕೂಡ ಅಲ್ಲ, ಬಾರ್ಸಿಲೋನಾದ ಕೌಂಟ್. ಅಲ್ಲಿನ ಸಭೆ ಒಪ್ಪದಿದ್ದರೆ ಅಲ್ಲಿಂದ ಬಿಡಿಕಾಸು ಎತ್ತುವ ಹಾಗಿರಲಿಲ್ಲ.

ನಮ್ಮ ಹಳೆಯ ಒಟ್ಟು ಕುಟುಂಬಗಳನ್ನು ನೆನಪಿಸಿಕೊಳ್ಳಿ. ಮನೆ ತುಂಬ ಗಂಡು ಮಕ್ಕಳು. ಖರ್ಚಿಗೆ ಮಾತ್ರ ದೊಡ್ಡ ಮಗ ಒಬ್ಬನೇ ಕೈ ಬಿಚ್ಚಬೇಕು. ಉಳಿದವರು "ನಮ್ಮ ಪಾಲು ನಮಗೆ" ಎಂದು ಕೂತಿರುತ್ತಾರೆ. ಇಲ್ಲಿ ಆ ದೊಡ್ಡ ಮಗ ಕಾಸ್ತೀಲ್. ಹೆಸರಿಗೆ ಸಾಮ್ರಾಜ್ಯದ ಯಜಮಾನ, ನಿಜದಲ್ಲಿ ದುಡಿದು ದುಡಿದು ಸುಸ್ತಾದವನು.

ಈಗ ಬೆಳ್ಳಿಗೆ ಬರೋಣ, ನಿಮ್ಮ ಮುಖ್ಯ ಪ್ರಶ್ನೆ ಅದೇ ಅಲ್ವಾ. ಈಗಿನ ಬೊಲಿವಿಯಾದಲ್ಲಿರುವ ಪೊಟೊಸಿಯ ಬೆಟ್ಟದಿಂದಲೂ ಮೆಕ್ಸಿಕೋ ಗಣಿಗಳಿಂದಲೂ ಬೆಳ್ಳಿ ಹಡಗುಗಳಲ್ಲಿ ಸೆವಿಯಾಗೆ ಬರುತ್ತಿತ್ತು. ಅದರಲ್ಲಿ ಬಹುಪಾಲು ವ್ಯಾಪಾರಿಗಳ ಮಾಲು. ರಾಜನಿಗೆ ಸಿಗುತ್ತಿದ್ದದ್ದು ಗಣಿಯ ಐದನೇ ಒಂದು ಪಾಲು ಮತ್ತು ಕೆಲವು ತೆರಿಗೆಗಳು. ಅವನ ಒಟ್ಟು ಆದಾಯದಲ್ಲಿ ಅಮೆರಿಕದ್ದು ಚಿಕ್ಕ ಪಾಲು. ದೊಡ್ಡ ಪಾಲು ಬರುತ್ತಿದ್ದದ್ದು ಕಾಸ್ತೀಲಿನ ರೈತ, ಕೂಲಿ, ಅಂಗಡಿಯವನ ಜೇಬಿನಿಂದ. ಆದರೂ ಬೆಳ್ಳಿಗೆ ಅಷ್ಟು ಬೆಲೆ ಯಾಕೆಂದರೆ ಸಾಲ ಹುಟ್ಟುತ್ತಿದ್ದದ್ದು ಅದರ ಮುಖ ನೋಡಿ.

ಅದು ನಡೆಯುತ್ತಿದ್ದದ್ದು ಹೀಗೆ. ಫ್ಲಾಂಡರ್ಸ್‌ನಲ್ಲಿ ಸೈನಿಕರಿಗೆ ಈ ತಿಂಗಳು ಸಂಬಳ ಕೊಡಬೇಕು. ಬೆಳ್ಳಿಯ ಹಡಗು ಬರುವುದು ವರ್ಷದ ಕೊನೆಗೆ. ಆಗ ಇಟಲಿಯ ಜಿನೋವಾದ ಸಾಹುಕಾರರನ್ನು ಕರೆಸಿ 'ಅಸಿಯೆಂತೊ' ಎಂಬ ಕರಾರು ಬರೆಸುತ್ತಿದ್ದರು. ಸಾಹುಕಾರ ಇವತ್ತು ಆ್ಯಂಟ್‌ವರ್ಪ್‌ನಲ್ಲಿ ಹಣ ಎಣಿಸುತ್ತಾನೆ. ಹಡಗು ಬಂದಮೇಲೆ ಬಡ್ಡಿ, ಬಟ್ಟ, ಕಮಿಷನ್ ಎಲ್ಲ ಸೇರಿಸಿ ಬೆಳ್ಳಿಯಲ್ಲೇ ತಗೊಳ್ಳುತ್ತಾನೆ. ಅಂದರೆ ಸೆವಿಯಾದ ಬಂದರಿನಲ್ಲಿ ಇಳಿಯುವ ಮೊದಲೇ ಆ ಬೆಳ್ಳಿ ಬೇರೆಯವರ ಸ್ವತ್ತಾಗಿರುತ್ತಿತ್ತು. ಗದ್ದೆಯಲ್ಲಿ ಪೈರು ನಿಂತಿರುವಾಗಲೇ ಮಂಡಿಯವನ ಹತ್ತಿರ ಮುಂಗಡ ತಿಂದ ರೈತನ ಪಾಡು ಬೇರೇನಾ?

ಈ ಸರಪಳಿಯಲ್ಲಿ ಒಂದು ಕೊಂಡಿ ತುಂಡಾದರೂ ಕತೆ ಮುಗಿಯಿತು. 1628ರ ಸೆಪ್ಟೆಂಬರ್‌ನಲ್ಲಿ ತುಂಡಾಯಿತು ಕೂಡ. ಸ್ಪೇನ್‌ನಿಂದ ಬಿಡಿಸಿಕೊಳ್ಳಲು ಹೋರಾಡುತ್ತಿದ್ದ ಡಚ್ಚರ ಪೀಟ್ ಹೈನ್ ಎಂಬ ನಾವಿಕ ಕ್ಯೂಬಾದ ಮತಾನ್ಸಾಸ್ ಕೊಲ್ಲಿಯಲ್ಲಿ ಇಡೀ ಬೆಳ್ಳಿ ಹಡಗುಪಡೆಯನ್ನು ಹಿಡಿದುಬಿಟ್ಟ. ಯುದ್ಧ ಅಂತ ಹೇಳುವಷ್ಟು ಹೊಡೆದಾಟವೂ ನಡೆಯಲಿಲ್ಲ. ಸುಮಾರು 11.5 ಮಿಲಿಯನ್ ಗಿಲ್ಡರ್ ಬೆಲೆಯ ಮಾಲು ಹಾಲೆಂಡಿಗೆ ಹೋಯಿತು. ಸ್ಪೇನ್ ಜೊತೆಗೇ ಯುದ್ಧ ಮಾಡಲು ಡಚ್ಚರಿಗೆ ಸ್ಪೇನ್ ಕಡೆಯ ಬೆಳ್ಳಿ!

ಫಿಲಿಪ್ ಕಾಲದಲ್ಲಿ ಖಜಾನೆ ನಾಲ್ಕು ಸಲ ಕೈ ಎತ್ತಿತು: 1627, 1647, 1652, 1662. ದಿವಾಳಿ ಅಂದರೆ ಬಾಗಿಲು ಮುಚ್ಚಿದ ಹಾಗಲ್ಲ. "ನಿಮ್ಮ ಸಾಲ ಈಗ ತೀರಿಸಲ್ಲ, ಬದಲಿಗೆ ಕಡಿಮೆ ಬಡ್ಡಿಯ, ದೀರ್ಘಾವಧಿಯ ಪತ್ರ ತಗೊಳ್ಳಿ" ಎಂದು ಸಾಹುಕಾರರಿಗೆ ಹೇಳುವುದು. ಅವರು ಗೋಳಾಡಿ ಆ ಪತ್ರ ತಗೊಳ್ಳುತ್ತಿದ್ದರು. ಸ್ವಲ್ಪ ದಿನ ಬಿಟ್ಟು ಇನ್ನೊಂದು ಸಾಲ, ಈ ಸಲ ಬಡ್ಡಿ ಜಾಸ್ತಿ.

ಇದೆಲ್ಲ ಅರಮನೆಯ ಲೆಕ್ಕ. ಬೀದಿಯಲ್ಲಿ ಇದರ ಬಿಸಿ ಹೇಗೆ ತಟ್ಟಿತು ಎನ್ನುವುದೇ ನನಗೆ ಹೆಚ್ಚು ಕುತೂಹಲದ ವಿಷಯ. 'ಮಿಯೋನೆಸ್' ಎಂಬ ತೆರಿಗೆ ಇತ್ತು. ವೈನ್, ಎಣ್ಣೆ, ವಿನೆಗರ್, ಮಾಂಸದ ಮೇಲೆ. ಬೆಲೆ ಏರಿಸಿದರೆ ಜನ ರೇಗುತ್ತಾರೆ. ಅದಕ್ಕೆ ಬೆಲೆ ಮುಟ್ಟಲಿಲ್ಲ, ಅಳತೆಯನ್ನೇ ಕುಗ್ಗಿಸಿದರು. ಅಂಗಡಿಯ ಅಳತೆ ಪಾತ್ರೆಯಲ್ಲಿ ಎಂಟನೇ ಒಂದು ಪಾಲು ಕಡಿಮೆ. ದುಡ್ಡು ಮಾತ್ರ ಪೂರ್ತಿ ಪಾತ್ರೆಯದು. ಆ ಎಂಟನೇ ಪಾಲು ರಾಜನಿಗೆ. ಇವತ್ತು ಹತ್ತು ರೂಪಾಯಿ ಬಿಸ್ಕೆಟ್ ಪ್ಯಾಕೆಟ್‌ನಲ್ಲಿ ಬಿಸ್ಕೆಟ್ ಕಡಿಮೆಯಾಗುತ್ತಾ ಬಂದಿಲ್ಲವೇ, ಅದೇ ಉಪಾಯ. ಯುದ್ಧಕ್ಕೆ ಹಣ ಸಾಲದಾದಾಗಲೆಲ್ಲ ಅಳತೆ ಮತ್ತೆ ಮತ್ತೆ ಕುಗ್ಗಿತು. ಸಾಹುಕಾರನಿಗೂ ಎಣ್ಣೆ ಬೇಕು, ಕೂಲಿಯವನಿಗೂ ಎಣ್ಣೆ ಬೇಕು. ಪೆಟ್ಟು ಬಿದ್ದದ್ದು ಯಾರಿಗೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ನಾಣ್ಯದ ಕತೆ ಇನ್ನೂ ಮಜಾ. ದಿನನಿತ್ಯದ ವ್ಯವಹಾರಕ್ಕೆ 'ವೆಯೋನ್' ಎಂಬ ನಾಣ್ಯ. ಮೊದಲು ಅದರಲ್ಲಿ ತಾಮ್ರದ ಜೊತೆ ಸ್ವಲ್ಪ ಬೆಳ್ಳಿ ಇರುತ್ತಿತ್ತು, ಇವನ ಕಾಲಕ್ಕೆ ಬರೀ ತಾಮ್ರ. ಪಟ್ಟಕ್ಕೆ ಬಂದ ಮೊದಲ ಐದು ವರ್ಷ ಟಂಕಸಾಲೆಯಲ್ಲಿ ಸುಮ್ನೆ ತಾಮ್ರ ಕುಟ್ಟಿದ್ದೇ ಕುಟ್ಟಿದ್ದು. ಬೆಲೆಗಳು ಏರಿದವು, ಬೆಳ್ಳಿ ನಾಣ್ಯ ಪೇಟೆಯಿಂದ ಮಾಯವಾಯಿತು. 1626ರಲ್ಲಿ ಕುಟ್ಟುವುದು ನಿಂತಿತು. 1628ರಲ್ಲಿ ಒಂದು ಆಜ್ಞೆ ಬಂತು: ನಿಮ್ಮ ಕೈಯಲ್ಲಿರುವ ವೆಯೋನ್‌ಗೆ ಇವತ್ತಿನಿಂದ ಅರ್ಧ ಬೆಲೆ. ಬೆಳಿಗ್ಗೆ ಹತ್ತು ನಾಣ್ಯ ಇದ್ದವನು ಸಂಜೆಗೆ ಐದರ ಯಜಮಾನ. ಮುಂದೆ 1636ರಲ್ಲಿ, 1641ರಲ್ಲಿ ಇದರ ತಿರುಗಾಮುರುಗ. ಹಳೆಯ ನಾಣ್ಯ ತಗೊಂಡು ಬಾ, ಅದರ ಮೇಲೆ ಹೊಸ ಮುದ್ರೆ ಒತ್ತುತ್ತೇವೆ, ಬೆಲೆ ಏರುತ್ತೆ, ಆ ಹೆಚ್ಚುವರಿ ರಾಜನಿಗೆ. ಈ ಕಾಲದ ತಾಮ್ರದ ನಾಣ್ಯಗಳನ್ನು ಕೈಯಲ್ಲಿ ಹಿಡಿದು ನೋಡಿ. ಒಂದರ ಮೇಲೊಂದು ಮುದ್ರೆ ಬಿದ್ದು ಮೂಲ ಅಚ್ಚು ಯಾವುದು ಅಂತಲೇ ತಿಳಿಯುವುದಿಲ್ಲ. ಆ ಆಳ್ವಿಕೆಯ ಹಣಕಾಸು ಓದಲು ನನಗೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಅಂದಹಾಗೆ, ಬಾಡಿಗೆ ಕರಾರಿಗೆ ನಾವು ಇವತ್ತೂ ಛಾಪಾ ಕಾಗದ ಹುಡುಕಿಕೊಂಡು ಹೋಗುತ್ತೇವಲ್ಲ, ಆ ಬುದ್ಧಿ ಮೊದಲು ಬಂದದ್ದು ಡಚ್ಚರಿಗೆ, 1624ರಲ್ಲಿ. ಶತ್ರುವಿನಿಂದ ಕಲಿಯಲು ಸ್ಪೇನ್‌ಗೆ ನಾಚಿಕೆ ಆಗಲಿಲ್ಲ. 1637ರಿಂದ ಅಲ್ಲೂ ಅದು ಕಡ್ಡಾಯವಾಯಿತು.

ಇಷ್ಟೆಲ್ಲ ಉಪಾಯಗಳ ಹಿಂದೆ ಇದ್ದವನು ಒಲಿವಾರೆಸ್. 1622ರಿಂದ 1643ರ ತನಕ ರಾಜ್ಯ ನಡೆಸಿದ ಮಂತ್ರಿ. ದಪ್ಪ ಮೈ, ಬಿರುಸು ಮಾತು, ನಿದ್ದೆಗೆಟ್ಟು ದುಡಿಯುವ ಸ್ವಭಾವ. ರೋಗ ಎಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಒಪ್ಪಲೇಬೇಕು. 1624ರ ಕೊನೆಗೆ ರಾಜನಿಗೆ ಗುಟ್ಟಾಗಿ ಒಂದು ದೊಡ್ಡ ಟಿಪ್ಪಣಿ ಕೊಟ್ಟ. ಪೋರ್ಚುಗಲ್ಲಿನ ರಾಜ, ಅರಗಾನ್‌ನ ರಾಜ, ಬಾರ್ಸಿಲೋನಾದ ಕೌಂಟ್ ಆಗಿದ್ದರೆ ಸಾಲದು, ನಿಜವಾದ ಅರ್ಥದಲ್ಲಿ ಸ್ಪೇನ್‌ನ ರಾಜ ಆಗಬೇಕು ಎನ್ನುವುದು ಅದರ ಸಾರ. ಅದರ ಬೆನ್ನಿಗೇ 'ಆಯುಧಗಳ ಒಕ್ಕೂಟ' ಎಂಬ ಯೋಜನೆ ತಂದ. ಒಟ್ಟು 1,40,000 ಸೈನಿಕರ ಮೀಸಲು ಪಡೆ. ಕಾಸ್ತೀಲ್ 44,000, ಕತಲೋನಿಯಾ 16,000, ಪೋರ್ಚುಗಲ್ 16,000, ನೇಪಲ್ಸ್ 16,000, ಹೀಗೆ ಎಲ್ಲರಿಗೂ ಪಾಲು ಹಂಚಿದ. ಯಾರ ಮೇಲೆ ದಾಳಿಯಾದರೂ ಉಳಿದವರು ನೆರವಿಗೆ ಬರಬೇಕು.

ಕಾಗದದ ಮೇಲೆ ನ್ಯಾಯವಾಗಿಯೇ ಇದೆ. ಆದರೆ ಕತಲೋನಿಯಾದವರು ಕೇಳಿದ್ದು: ನಮ್ಮಲ್ಲಿ ಅಷ್ಟು ಜನ ಎಲ್ಲಿದ್ದಾರೆ? ನಾವು ಯಾಕೆ ಫ್ಲಾಂಡರ್ಸ್‌ಗೆ ಸಾಯಲು ಹೋಗಬೇಕು? ಅಮೆರಿಕದ ವ್ಯಾಪಾರದ ಲಾಭ ಕಾಸ್ತೀಲಿಗೆ, ಯುದ್ಧದ ನಷ್ಟ ನಮಗಾ? 1626ರಲ್ಲಿ ರಾಜ ತಾನೇ ಬಾರ್ಸಿಲೋನಾಗೆ ಹೋಗಿ ಸಭೆ ಕರೆದ. ಒಂದು ಕಾಸೂ ಹುಟ್ಟಲಿಲ್ಲ. ಹಾಗೇ ಎದ್ದು ಬಂದ.

ಅಷ್ಟರಲ್ಲಿ ಒಂದು ಮೋಸದ ಬೆಳಕು ಬಿದ್ದಿತ್ತು. 1625. ಆ ವರ್ಷ ಸ್ಪೇನ್ ಮುಟ್ಟಿದ್ದೆಲ್ಲ ಚಿನ್ನ. ಬ್ರೆಜಿಲ್‌ನ ಬಹಿಯಾವನ್ನು ಡಚ್ಚರಿಂದ ಕಿತ್ತುಕೊಂಡರು. ಕಾದಿಸ್ ಮೇಲೆ ಬಂದ ಇಂಗ್ಲಿಷ್ ನೌಕಾಪಡೆ ಸೋತು ಹೋಯಿತು. ಜೂನ್‌ನಲ್ಲಿ ಸ್ಪಿನೋಲಾ ಎಂಬ ಸೇನಾಪತಿಗೆ ಬ್ರೆಡಾ ಕೋಟೆ ಶರಣಾಯಿತು. ನೀವು ಪ್ರಾಡೋದಲ್ಲಿ ಆ ದೊಡ್ಡ ಚಿತ್ರ ನೋಡಿರಲೇಬೇಕು. ಬಲಗಡೆ ಈಟಿಗಳ ಕಾಡು. ನಡುವೆ ಸೋತ ಡಚ್ ಅಧಿಕಾರಿ ಕೋಟೆಯ ಬೀಗದಕೈ ಚಾಚಿದ್ದಾನೆ. ಗೆದ್ದ ಸ್ಪಿನೋಲಾ ಬಾಗಿ ಅವನ ಹೆಗಲ ಮೇಲೆ ಕೈ ಇಟ್ಟಿದ್ದಾನೆ, ಗೆಳೆಯನನ್ನು ಮನೆಯೊಳಗೆ ಕರೆಯುವ ಹಾಗೆ. ಅದನ್ನು ಬರೆದ ವೆಲಾಸ್ಕೆಸ್ ಬ್ರೆಡಾವನ್ನು ಕಣ್ಣಾರೆ ಕಂಡವನಲ್ಲ. ಆದರೆ 1629ರಲ್ಲಿ ಇಟಲಿಗೆ ಹೋಗುವಾಗ ಸ್ಪಿನೋಲಾ ಜೊತೆ ಒಂದೇ ಹಡಗಿನಲ್ಲಿ ಹೋಗಿದ್ದ. ಆ ಮುಖ ನೆನಪಿನಿಂದ ಬಂದದ್ದು.

ಆ ಚಿತ್ರ ಮ್ಯಾಡ್ರಿಡ್‌ನ ಬುಯೆನ್ ರೆತಿರೊ ಎಂಬ ಹೊಸ ಅರಮನೆಯ ದರ್ಬಾರಿಗಾಗಿ 1634–35ರಲ್ಲಿ ಬರೆಸಿದ್ದು. ಗೋಡೆ ತುಂಬ ಇಂಥ ಹನ್ನೆರಡು ಗೆಲುವುಗಳು. ಸ್ಪಿನೋಲಾ ಅಷ್ಟೊತ್ತಿಗೆ ತೀರಿಕೊಂಡು ನಾಲ್ಕೈದು ವರ್ಷವಾಗಿತ್ತು. ಬ್ರೆಡಾ 1637ರಲ್ಲಿ ಮತ್ತೆ ಡಚ್ಚರ ಕೈಗೆ ಹೋಯಿತು. ಊರು ಹೋಯಿತು, ಚಿತ್ರ ಉಳಿಯಿತು.

ಎಲ್ಲಿ ಬಿಟ್ಟುಕೊಡಬಹುದಿತ್ತು ಅಂತೀರಾ? ಡಚ್ಚರ ಜೊತೆ 1609ರಿಂದ ಹನ್ನೆರಡು ವರ್ಷದ ಒಪ್ಪಂದ ಇತ್ತು. ಫಿಲಿಪ್ ಪಟ್ಟಕ್ಕೆ ಬಂದ ಮರುತಿಂಗಳೇ ಅದರ ಗಡುವು ಮುಗಿಯಿತು. ಮುಂದುವರಿಸಲಿಲ್ಲ. 1625ರ ಗೆಲುವಿನ ನಂತರ ಒಳ್ಳೆಯ ಷರತ್ತಿಗೆ ರಾಜಿ ಆಗಬಹುದಿತ್ತು. ಆಗಲಿಲ್ಲ. 1628ರಲ್ಲಿ ಇಟಲಿಯ ಮಾಂತುವಾದ ವಾರಸುದಾರಿಕೆ ಜಗಳಕ್ಕೆ ತಲೆ ಹಾಕಿದರು. ಅದು ಬೇಡದ ಯುದ್ಧ, ನನ್ನ ಲೆಕ್ಕದಲ್ಲಿ ಇಡೀ ಆಳ್ವಿಕೆಯ ಅತಿ ದೊಡ್ಡ ತಪ್ಪು. ಎಷ್ಟೋ ವರ್ಷದ ಮೇಲೆ ರಾಜನೇ ಅದನ್ನು ನೆನೆದು, ದೇವರಿಗೆ ಬೇಸರವಾಗುವಂಥದ್ದು ನಾನು ಏನಾದರೂ ಮಾಡಿದ್ದರೆ ಅದು ಇದೇ ಇರಬೇಕು ಎಂಬ ಅರ್ಥದಲ್ಲಿ ಬರೆದ. 1635ರಲ್ಲಿ ಫ್ರಾನ್ಸ್ ನೇರವಾಗಿ ಯುದ್ಧ ಸಾರಿತು. ಅಲ್ಲಿಂದ ಮುಂದೆ ಬಿಟ್ಟುಕೊಡುವ ಮಾತೇ ಇರಲಿಲ್ಲ, ಕಿತ್ತುಕೊಳ್ಳುವ ಮಾತು.

1640 ಬಂತು. ಕತಲೋನಿಯಾ ಫ್ರಾನ್ಸಿನ ಗಡಿ. ಅಲ್ಲಿ ಸೈನ್ಯ ಬೀಡುಬಿಟ್ಟಿತ್ತು. ಸೈನಿಕರಿಗೆ ಸಂಬಳ ಸರಿಯಾಗಿ ಇಲ್ಲ, ರೈತರ ಮನೆಯಲ್ಲೇ ಊಟ, ವಸತಿ, ಮೇಲೆ ದಬ್ಬಾಳಿಕೆ. ಜೂನ್ 7, ಕಾರ್ಪಸ್ ಕ್ರಿಸ್ಟಿ ಹಬ್ಬ. ಪ್ರತಿ ವರ್ಷದಂತೆ ಕೊಯ್ಲಿನ ಕೂಲಿಗಳು ಕೆಲಸ ಹುಡುಕಿಕೊಂಡು ಕುಡುಗೋಲು ಹಿಡಿದು ಬಾರ್ಸಿಲೋನಾಗೆ ಬಂದಿದ್ದರು. ಗಲಾಟೆ ಎದ್ದಿತು. ರಾಜಪ್ರತಿನಿಧಿ ಸಾಂತಾ ಕೊಲೋಮಾ ಹಡಗು ಹತ್ತಿ ತಪ್ಪಿಸಿಕೊಳ್ಳಲು ಕಡಲದಂಡೆಗೆ ಓಡಿದ. ಅಲ್ಲೇ ಅವನನ್ನು ಕೊಂದರು. ಆ ಪ್ರಾಂತ್ಯ ಫ್ರಾನ್ಸಿನ ರಾಜನ ಆಸರೆಗೆ ಹೋಯಿತು.

ಡಿಸೆಂಬರ್ 1, ಲಿಸ್ಬನ್. ಕೆಲವು ಜಮೀನ್ದಾರರು ಅರಮನೆಗೆ ನುಗ್ಗಿ ಮ್ಯಾಡ್ರಿಡ್ ಕಡೆಯ ಕಾರ್ಯದರ್ಶಿ ವಾಸ್ಕೊನ್ಸೆಲೋಸ್‌ನನ್ನು ಕೊಂದು ಕಿಟಕಿಯಿಂದ ಬೀದಿಗೆ ಎಸೆದರು. ಬ್ರಗಾನ್ಸಾದ ಡ್ಯೂಕ್ ನಾಲ್ಕನೇ ಜೊವಾಂವ್ ಎಂಬ ಹೆಸರಿನಲ್ಲಿ ರಾಜನಾದ. 1580ರಿಂದ ಒಂದೇ ಕಿರೀಟದಡಿ ಇದ್ದ ಎರಡು ರಾಜ್ಯಗಳು ಅರವತ್ತು ವರ್ಷಕ್ಕೆ ಬೇರೆಯಾದವು. ಫಿಲಿಪ್‌ಗೆ ಹೊಗಳುಭಟರು 'ಮಹಾನ್' ಎಂಬ ಬಿರುದು ಕೊಟ್ಟಿದ್ದರು. ಈಗ ಒಂದು ಕುಹಕ ಹುಟ್ಟಿತು: ನಮ್ಮ ರಾಜ ಗುಂಡಿ ಇದ್ದ ಹಾಗೆ, ಮಣ್ಣು ತೆಗೆದಷ್ಟೂ ದೊಡ್ಡವನಾಗುತ್ತಾನೆ.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹೌದು, ನಂಟಿತ್ತು. 1640ರವರೆಗೆ ಪೋರ್ಚುಗಲ್ಲಿನ ಲೆಕ್ಕದಲ್ಲಿ ಇವನು ಮೂರನೇ ಫಿಲಿಪ್, ಗೋವಾದ ವೈಸರಾಯ್ ಇವನ ಹೆಸರಿನಲ್ಲೇ ಆಳುತ್ತಿದ್ದ. ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಪೋರ್ಚುಗೀಸರ ಕೋಟೆಗಳಿದ್ದವು. ಗೋವಾ ಉಣ್ಣುತ್ತಿದ್ದದ್ದು ಬಹುಮಟ್ಟಿಗೆ ನಮ್ಮ ಕರಾವಳಿಯ ಅಕ್ಕಿ. ಲಿಸ್ಬನ್‌ಗೆ ಹೋಗುತ್ತಿದ್ದದ್ದು ನಮ್ಮ ಘಟ್ಟದ ಮೆಣಸು. ಆ ಮೆಣಸಿನ ಬಳ್ಳಿ ಇದ್ದದ್ದು ಇಕ್ಕೇರಿಯ ಅರಸರ ಕೈಯಲ್ಲಿ. 1623ರಲ್ಲಿ ಗೋವಾದಿಂದ ಇಕ್ಕೇರಿಯ ವೆಂಕಟಪ್ಪ ನಾಯಕನ ಹತ್ತಿರ ಒಂದು ರಾಯಭಾರ ಬಂತು. ಮಂಗಳೂರು ಸೀಮೆಯ ಬಂಗರ ಅರಸನನ್ನು ನಾಯಕ ಓಡಿಸಿದ್ದ, ಆ ತಂಟೆಯ ಮಾತುಕತೆ. ಅದರ ಜೊತೆ ಸುಮ್ನೆ ಊರು ನೋಡಲು ಬಂದಿದ್ದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ, ಹೊನ್ನಾವರದಿಂದ ಗೇರುಸೊಪ್ಪೆಯ ಹೊಳೆ ಹಿಡಿದು ಘಟ್ಟ ಹತ್ತಿದ ದಾರಿಯನ್ನೆಲ್ಲ ಪತ್ರಗಳಲ್ಲಿ ಬರೆದಿಟ್ಟ. ಮಕ್ಕಳು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆದು, ರಾಗವಾಗಿ ಹೇಳಿಕೊಳ್ಳುತ್ತಾ ಲೆಕ್ಕ ಕಲಿಯುವುದನ್ನು ನೋಡಿ ಖುಷಿಪಟ್ಟವನು ಇವನೇ. ಆ ರಾಯಭಾರಿಯ ಬೆನ್ನ ಹಿಂದೆ ಇದ್ದ ಅರಸ, ಆಗ ಹದಿನೆಂಟು ವರ್ಷದ ಈ ಉದ್ದ ಗದ್ದದವನು.

ಆದರೆ ಆ ಹೊತ್ತಿಗೇ ಪೋರ್ಚುಗೀಸರ ಬಲ ಕುಂದುತ್ತಿತ್ತು. ಹಿಂದಿನ ವರ್ಷವೇ ಪರ್ಷಿಯಾ ಕೊಲ್ಲಿಯ ಬಾಯಲ್ಲಿದ್ದ ಹೊರ್ಮುಜ್ ಕೈಬಿಟ್ಟಿತ್ತು, ಪರ್ಷಿಯನ್ನರೂ ಇಂಗ್ಲಿಷರೂ ಸೇರಿ ಹಿಡಿದಿದ್ದರು. 1636ರಿಂದ ಡಚ್ ಹಡಗುಗಳು ವರ್ಷ ವರ್ಷ ಬಂದು ಗೋವಾದ ಬಾಯಿಗೆ ಅಡ್ಡ ನಿಲ್ಲತೊಡಗಿದವು. 1641ರ ಜನವರಿಯಲ್ಲಿ ಮಲಾಕ್ಕಾ ಹೋಯಿತು. ಡಚ್ಚರಿಗೆ ಜಗಳ ಇದ್ದದ್ದು ಸ್ಪೇನ್ ಜೊತೆ. ಏಟು ತಿಂದದ್ದು ಪೋರ್ಚುಗಲ್‌ನ ಬಂದರುಗಳು. ಲಿಸ್ಬನ್‌ನವರ ಸಿಟ್ಟಿಗೆ ಇದೂ ಒಂದು ಕಾರಣ. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಬಸರೂರು, ಹೊನ್ನಾವರ, ಮಂಗಳೂರುಗಳಿಂದ ಪೋರ್ಚುಗೀಸರನ್ನು ಓಡಿಸಿದ. ಆಗ ಗೋವಾ ಬ್ರಗಾನ್ಸಾ ರಾಜನ ಕಡೆ ಆಗಿತ್ತು. ಆದರೆ ಆ ಕೋಟೆಗಳ ಸೊರಗು ಶುರುವಾದದ್ದು ಫಿಲಿಪ್‌ನ ದಿನಗಳಲ್ಲೇ. ಶಿವಪ್ಪ ನಾಯಕನ ಶೌರ್ಯ ದೊಡ್ಡದೇ, ಅದರ ಜೊತೆ ಈ ಲೆಕ್ಕವನ್ನೂ ಇಟ್ಟುಕೊಂಡರೆ ಚಿತ್ರ ಪೂರ್ತಿಯಾಗುತ್ತೆ.

ಮತ್ತೆ ಮ್ಯಾಡ್ರಿಡ್‌ಗೆ. 1643ರ ಜನವರಿಯಲ್ಲಿ ಒಲಿವಾರೆಸ್‌ನನ್ನು ಮನೆಗೆ ಕಳಿಸಿದರು. ಎರಡು ವರ್ಷದಲ್ಲಿ ತೀರಿಕೊಂಡ. 1643ರ ಮೇ ತಿಂಗಳಲ್ಲೇ ರೊಕ್ರುವಾದಲ್ಲಿ ಫ್ರೆಂಚರು ಸ್ಪೇನ್‌ನ ಹೆಸರಾಂತ ಕಾಲಾಳು ಪಡೆಯನ್ನು ಮುರಿದರು. ಪಠ್ಯಪುಸ್ತಕಗಳು ಇದನ್ನು ಸಾಮ್ರಾಜ್ಯದ ಕೊನೆ ಎನ್ನುತ್ತವೆ. ಅಷ್ಟೇನೂ ಇಲ್ಲ, ಯುದ್ಧ ಇನ್ನೂ ಹದಿನಾರು ವರ್ಷ ನಡೆಯಿತು.

ಆ ಬೇಸಿಗೆಯಲ್ಲಿ ಸರಗೋಸಾ ಕಡೆ ಹೋಗುವಾಗ ಆಗ್ರೆದಾ ಎಂಬ ಸಣ್ಣ ಊರಿನ ಮಠದಲ್ಲಿ ಮಾರಿಯಾ ಎಂಬ ಸನ್ಯಾಸಿನಿಯನ್ನು ರಾಜ ಕಂಡ. ಅಲ್ಲಿಂದ ಇಪ್ಪತ್ತೆರಡು ವರ್ಷ ಇಬ್ಬರಿಗೂ ಪತ್ರವ್ಯವಹಾರ. 600ಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ರಾಜ ಹಾಳೆಯ ಅರ್ಧ ಭಾಗದಲ್ಲಿ ಮಾತ್ರ ಬರೆಯುತ್ತಿದ್ದ. ಪಕ್ಕದ ಖಾಲಿ ಜಾಗದಲ್ಲಿ ಅವಳು ಉತ್ತರ ಬರೆದು ಅದೇ ಹಾಳೆ ವಾಪಸ್ ಕಳಿಸಬೇಕು. ಗುಟ್ಟು ಹೊರಗೆ ಹೋಗಬಾರದಲ್ಲ. ಆ ಪತ್ರಗಳಲ್ಲಿ ಸೇನೆ, ಹಡಗು, ಹಣದ ಜೊತೆ ಒಂದೇ ಪಲ್ಲವಿ: ನನ್ನ ಪಾಪಕ್ಕೆ ನನ್ನ ಜನ ಶಿಕ್ಷೆ ಅನುಭವಿಸುತ್ತಿದ್ದಾರೆ. ನಿಮ್ಮ ಗೈಡ್ ಹೇಳಿದ್ದನ್ನು ಮೊದಲು ಹೇಳಿದವನು ರಾಜನೇ ನೋಡಿ! ತನ್ನ ಚಟಗಳಿಂದಲೇ ರಾಜ್ಯ ಹಾಳಾಯಿತು ಎಂದು ಅವನು ಮನಸಾರೆ ನಂಬಿದ್ದ. ಚಟ ಬಿಡುತ್ತೇನೆ ಎನ್ನುತ್ತಿದ್ದ. ಬಿಡುತ್ತಿರಲಿಲ್ಲ. ಯುದ್ಧ ಬಿಡುವ ಯೋಚನೆ ಮಾತ್ರ ಸುಲಭಕ್ಕೆ ಬರುತ್ತಿರಲಿಲ್ಲ.

ಮನೆಯಲ್ಲೂ ಸಾವಿನ ಮೇಲೆ ಸಾವು. 1644ರಲ್ಲಿ ರಾಣಿ ಇಸಬೆಲ್. 1646ರಲ್ಲಿ ಆ ರಾಣಿಯಿಂದ ಉಳಿದಿದ್ದ ಒಬ್ಬನೇ ಮಗ ಬಲ್ತಸಾರ್ ಕಾರ್ಲೋಸ್, ಇನ್ನೂ ಹದಿನಾರು ವರ್ಷ. ಆ ಹುಡುಗನಿಗೆ ಗೊತ್ತುಮಾಡಿದ್ದ ಹೆಣ್ಣು ಮರಿಯಾನಾ, ರಾಜನ ತಂಗಿಯ ಮಗಳು. ಈಗ ವಾರಸುದಾರ ಬೇಕಲ್ಲ, 1649ರಲ್ಲಿ ರಾಜ ತಾನೇ ಅವಳನ್ನು ಮದುವೆಯಾದ. ಅವನಿಗೆ 44, ಅವಳಿಗೆ 14. ಸೋದರ ಸೊಸೆಯನ್ನು ತಂದುಕೊಳ್ಳುವುದು ನಮ್ಮ ಕಡೆ ಹೊಸದಲ್ಲ, ಸಂಬಂಧ ಕೇಳಿ ನಾವು ಹುಬ್ಬೇರಿಸುವುದಿಲ್ಲ. ಆದರೆ ಈ ಮನೆತನ ತಲೆಮಾರುಗಳಿಂದ ಹೀಗೆ ಒಳಗೊಳಗೇ ಸುತ್ತಿತ್ತು. ಇವರ ಮಗ ಎರಡನೇ ಕಾರ್ಲೋಸ್ ಹುಟ್ಟಿದಾಗಿನಿಂದ ರೋಗಿ. ಅವನಿಗೆ ಮಕ್ಕಳಾಗಲಿಲ್ಲ, 1700ರಲ್ಲಿ ವಂಶವೇ ನಿಂತಿತು.

ಕೊನೆಗೂ ಬಿಟ್ಟುಕೊಟ್ಟರು, ಆದರೆ ಎಲ್ಲ ಖರ್ಚಾದ ಮೇಲೆ. 1648ರಲ್ಲಿ ಮ್ಯೂನ್‌ಸ್ಟರ್‌ನಲ್ಲಿ ಡಚ್ಚರ ಸ್ವಾತಂತ್ರ್ಯ ಒಪ್ಪಿದರು. 1659ರಲ್ಲಿ ಫ್ರಾನ್ಸ್ ಜೊತೆ ಪಿರೆನೀಸ್ ಒಪ್ಪಂದ. ಬಿದಸೋವಾ ನದಿಯ ನಡುವಿನ ಒಂದು ಚಿಕ್ಕ ದಿಬ್ಬದಲ್ಲಿ ಮಾತುಕತೆ ನಡೆಯಿತು. ಆ ದಿಬ್ಬ ಇವತ್ತೂ ಆರು ತಿಂಗಳು ಸ್ಪೇನ್‌ನದು, ಆರು ತಿಂಗಳು ಫ್ರಾನ್ಸಿನದು. ರುಸಿಯೋನ್, ಆರ್ತ್ವಾ ಫ್ರಾನ್ಸಿಗೆ ಹೋದವು. ಸೆರ್ದಾನ್ಯ ಕಣಿವೆಯಲ್ಲಿ 33 ಹಳ್ಳಿ ಕೊಡಬೇಕೆಂದು ಆಯಿತು. ಯಿವಿಯಾ ಎಂಬ ಊರಿನ ಹತ್ತಿರ ಬಂದಾಗ ಸ್ಪೇನ್‌ನವರು ತಕರಾರು ತೆಗೆದರು: ಕರಾರಿನಲ್ಲಿ ಹಳ್ಳಿ ಎಂದಿದೆ, ಇದು ಪಟ್ಟಣ. ವಾದ ಗೆದ್ದಿತು. ಆ ಊರು ಇವತ್ತಿಗೂ ನಾಲ್ಕೂ ಕಡೆ ಫ್ರಾನ್ಸ್ ಸುತ್ತಿಕೊಂಡ ಸ್ಪೇನ್‌ನ ತುಂಡು.

ಒಪ್ಪಂದದ ಭಾಗವಾಗಿ ರಾಜನ ಮಗಳು ಮಾರಿಯಾ ತೆರೆಸಾಳನ್ನು ಹದಿನಾಲ್ಕನೇ ಲೂಯಿಗೆ ಕೊಟ್ಟರು. ಲೂಯಿ ಮೊದಲೇ ಫಿಲಿಪ್‌ನ ಅಕ್ಕ ಆನ್‌ಳ ಮಗ. ಕನ್ನಡದಲ್ಲಿ ಈ ಎರಡು ಸಂಬಂಧಕ್ಕೂ ಒಂದೇ ಪದ ಸಾಕು: ಅಳಿಯ. ವರದಕ್ಷಿಣೆ 5,00,000 ಚಿನ್ನದ ಎಸ್ಕುದೊ ಎಂದು ಬರೆದರು. ಅದನ್ನು ಕಟ್ಟಿದರೆ ಸ್ಪೇನ್‌ನ ಮೇಲೆ ಹುಡುಗಿಗೆ ಹಕ್ಕಿಲ್ಲ ಎಂಬ ಷರತ್ತು. ಕಟ್ಟಲು ದುಡ್ಡೆಲ್ಲಿ? ಕಟ್ಟಲೇ ಇಲ್ಲ. ನಲವತ್ತು ವರ್ಷದ ಮೇಲೆ ಆ ಅಳಿಯನ ಮೊಮ್ಮಗ ಮ್ಯಾಡ್ರಿಡ್‌ನ ಸಿಂಹಾಸನಕ್ಕೆ ಬಂದು ಕೂತ. ಈಗಿನ ಸ್ಪೇನ್ ರಾಜನೂ ಅದೇ ಬೂರ್ಬೋನ್ ಮನೆತನದವನು.

'ಮುಳುಗಿತು' ಎಂಬ ಪದಕ್ಕೆ ಮಾತ್ರ ನನ್ನ ತಕರಾರಿದೆ. ಬಾರ್ಸಿಲೋನಾವನ್ನು 1652ರಲ್ಲಿ ಮತ್ತೆ ಗೆದ್ದುಕೊಂಡರು, ಗೆದ್ದವನು ಆ ನಟಿಯ ಮಗ ಹ್ವಾನ್ ಹೋಸೆ. ಹಣ್ಣಿನ ತೆರಿಗೆಗೆ 1647ರಲ್ಲಿ ದಂಗೆ ಎದ್ದ ನೇಪಲ್ಸ್ ಕೂಡ ಉಳಿಯಿತು. ಮೆಕ್ಸಿಕೋ, ಪೆರು ಇನ್ನೂ ನೂರೈವತ್ತು ವರ್ಷ ಸ್ಪೇನ್‌ನದಾಗಿಯೇ ಇದ್ದವು. 1655ರಲ್ಲಿ ಜಮೈಕಾ ಇಂಗ್ಲಿಷರ ಪಾಲಾಯಿತು. ಇಷ್ಟು ಕಡೆ ಇಷ್ಟು ಜನರ ಜೊತೆ ಹೊಡೆದಾಡಿಯೂ ಇಷ್ಟು ಉಳಿದದ್ದೇ ಆಶ್ಚರ್ಯ. ಬರಿದಾದದ್ದು ಕಾಸ್ತೀಲ್. 1649ರ ಪ್ಲೇಗ್‌ನಲ್ಲಿ ಸೆವಿಯಾ ಒಂದರಲ್ಲೇ ಊರಿನ ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತರು. ಉಳಿದವರ ಮೇಲೆ ಅದೇ ತೆರಿಗೆ, ಅದೇ ಕುಗ್ಗಿದ ಅಳತೆ.

ಪೋರ್ಚುಗಲ್ ಒಂದನ್ನು ಅವನು ಕೊನೆಯ ತನಕ ಬಿಡಲಿಲ್ಲ. 1665ರ ಜೂನ್‌ನಲ್ಲಿ ಮೋಂತೆಸ್ ಕ್ಲಾರೋಸ್‌ನಲ್ಲಿ ಅವನ ಸೇನೆ ಸೋತಿತು. ಆಗ್ರೆದಾದ ಸನ್ಯಾಸಿನಿ ಅದಕ್ಕೆ ಮೂರು ವಾರ ಮೊದಲೇ ತೀರಿಕೊಂಡಿದ್ದಳು. ಸೆಪ್ಟೆಂಬರ್ 17ರಂದು ರಾಜ ತೀರಿಕೊಂಡ. ಮೂರು ವರ್ಷ ಬಿಟ್ಟು ಪೋರ್ಚುಗಲ್‌ನ ಸ್ವಾತಂತ್ರ್ಯಕ್ಕೆ ಸಹಿ ಬಿತ್ತು.

ಇನ್ನೊಂದು ವಿಷಯ ಹೇಳಿ ಬಿಡುತ್ತೇನೆ, ನೀವು ಚಿತ್ರ ನೋಡಿ ಬಂದವರಲ್ಲವೇ. 1653ರಲ್ಲಿ ಇನ್ನೊಬ್ಬ ಸನ್ಯಾಸಿನಿಗೆ ಬರೆದ ಪತ್ರದಲ್ಲಿ ಅವನು ತನ್ನ ಚಿತ್ರದ ಮಾತೆತ್ತಿದ್ದಾನೆ. ಒಂಬತ್ತು ವರ್ಷದಿಂದ ಚಿತ್ರ ಬರೆಸಿಲ್ಲ, ವೆಲಾಸ್ಕೆಸ್‌ನ ನಿಧಾನಕ್ಕೆ ಕೂರಲು ಮನಸ್ಸಿಲ್ಲ, ಮುದಿಯಾಗುತ್ತಿರುವುದನ್ನು ನೋಡಿಕೊಳ್ಳಲೂ ಮನಸ್ಸಿಲ್ಲ ಅಂತ. ಆಮೇಲೆ ಕೂತ. ಭುಜದ ತನಕ ಮಾತ್ರ ಇರುವ ಆ ಸಣ್ಣ ಚಿತ್ರವೂ ಪ್ರಾಡೋದಲ್ಲೇ ಇದೆ. ಹರೆಯದಲ್ಲಿ ದುಬಾರಿ ನೆರಿಗೆ ಕಾಲರ್ ನಿಷೇಧಿಸಿ ತಾನೇ ಬಳಕೆಗೆ ತಂದ ಸಾದಾ ಕಾಲರ್ ಇನ್ನೂ ಕೊರಳಲ್ಲಿದೆ. ಕಣ್ಣ ಕೆಳಗೆ ಊತ, ಕೆನ್ನೆ ಜೋತು ಬಿದ್ದಿದೆ. 1656ರ 'ಲಾಸ್ ಮೆನಿನಾಸ್' ಚಿತ್ರದಲ್ಲಂತೂ ಎಲ್ಲರೂ ಪುಟ್ಟ ರಾಜಕುಮಾರಿಯನ್ನು, ಕುಳ್ಳಿಯನ್ನು, ನಾಯಿಯನ್ನು ನೋಡುತ್ತಾರೆ. ಮುಂದಿನ ಸಲ ಹಿಂದಿನ ಗೋಡೆ ನೋಡಿ. ಕಪ್ಪು ಚೌಕಟ್ಟಿನ ಕನ್ನಡಿಯಲ್ಲಿ, ಮಬ್ಬಾಗಿ, ರಾಣಿಯ ಪಕ್ಕದಲ್ಲಿ ನಿಂತಿರುವವನು ಅವನೇ.